ವೃದ್ಧಾಪ್ಯದ ಪಗಾರ ಮತ್ತು ಆರೋಗ್ಯ ಕಾರ್ಡ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನಾಡಕಚೇರಿಗಳಿಗೆ ಪಿಂಚಣಿಗಾಗಿ ಅಲೆಯುವ ಹಿರಿಯರಲ್ಲಿ ಅನೇಕರಿಗೆ ಅರ್ಹತೆ ಇದ್ದೇ ಇರುತ್ತದೆ. ಅವರ ಅರ್ಜಿ ತಿರಸ್ಕೃತವಾಗುವುದು, ಬರುತ್ತಿದ್ದ ಹಣ ನಡುವೆ ನಿಲ್ಲುವುದು ಬಹುತೇಕ ಕೆಲಸಗಳ ಕ್ರಮ ತಪ್ಪಿದ್ದರಿಂದ. ದಾಖಲೆ ತಿದ್ದುವ ಮೊದಲೇ ಅರ್ಜಿ ಹಾಕುತ್ತಾರೆ, ಖಾತೆಗೆ ಆಧಾರ್ ಜೋಡಿಸುವ ಮೊದಲೇ ಹಣಕ್ಕೆ ಕಾಯುತ್ತಾರೆ, ರೋಗಿಯನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಆರೋಗ್ಯ ಕಾರ್ಡ್ ಹುಡುಕುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೋರುತ್ತೇನೆ.

## ಹೊರಡುವ ಮೊದಲು ಕೈಯಲ್ಲಿರಬೇಕಾದವು

ಆಧಾರ್ ಕಾರ್ಡ್, ಮತದಾರರ ಗುರುತಿನ ಚೀಟಿ, ರೇಶನ್ ಕಾರ್ಡ್, ಇತ್ತೀಚೆಗೆ ನಮೂದು ಮಾಡಿಸಿದ ಬ್ಯಾಂಕ್ ಪಾಸ್‌ಬುಕ್, ಎರಡು ಭಾವಚಿತ್ರಗಳು ಮತ್ತು ಆಧಾರ್‌ಗೆ ಜೋಡಣೆಯಾಗಿರುವ ಮೊಬೈಲ್. ಮೊಬೈಲನ್ನು ಮನೆಯಲ್ಲಿ ಬಿಟ್ಟು ಬಂದರೆ ಆ ದಿನದ ಕೆಲಸ ಆಗುವುದಿಲ್ಲ, ಏಕೆಂದರೆ ಒಟಿಪಿ ಬರುವುದು ಅದಕ್ಕೇ. ಅಜ್ಜನ ಆಧಾರ್‌ಗೆ ಮೊಮ್ಮಗ ಎಂದೋ ಬಿಸಾಡಿದ ಸಿಮ್ಮಿನ ಸಂಖ್ಯೆ ಜೋಡಣೆಯಾಗಿರುವುದು ಬಹಳ ಮನೆಗಳ ಕಥೆ. ಹಾಗಿದ್ದರೆ ಮೊದಲ ಭೇಟಿ ಆಧಾರ್ ಕೇಂದ್ರಕ್ಕೆ ಆಗಬೇಕು.

## ಹಂತ 1: ನಿಮಗೆ ಅನ್ವಯಿಸುವ ಯೋಜನೆ ಯಾವುದೆಂದು ಗೊತ್ತುಮಾಡಿಕೊಳ್ಳಿ

ನಮ್ಮ ಕಡೆ ಎಲ್ಲ ಪಿಂಚಣಿಗೂ ‘ಪಗಾರ’ ಎಂಬ ಒಂದೇ ಹೆಸರು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವು ಬೇರೆ ಬೇರೆ, ಮತ್ತು ಒಂದನ್ನು ಪಡೆಯುವವರಿಗೆ ಇನ್ನೊಂದು ಸಿಗದೆ ಹೋಗಬಹುದು.

ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ 60 ವರ್ಷ ತುಂಬಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಿದೆ. ಕರ್ನಾಟಕದಲ್ಲಿ 60ರಿಂದ 64 ವರ್ಷದವರಿಗೆ ತಿಂಗಳಿಗೆ 800 ರೂಪಾಯಿ, 65 ದಾಟಿದವರಿಗೆ 1,200 ರೂಪಾಯಿ. ಸಂಧ್ಯಾ ಸುರಕ್ಷಾ ಯೋಜನೆ ರಾಜ್ಯ ಸರ್ಕಾರದ್ದು. ಇದು 65 ತುಂಬಿದ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ, ಕೃಷಿ ಕೂಲಿಕಾರರಿಗೆ, ನೇಕಾರರಿಗೆ ಹಾಗೂ ಇತರ ಅಸಂಘಟಿತ ಕಾರ್ಮಿಕರಿಗೆ 1,200 ರೂಪಾಯಿ ಕೊಡುತ್ತದೆ. ವಾರ್ಷಿಕ ಆದಾಯ 32,000 ರೂಪಾಯಿಯನ್ನು ಮೀರಬಾರದು ಮತ್ತು ಬೇರೆ ಯಾವುದೇ ಪಿಂಚಣಿ ಪಡೆಯುತ್ತಿರಬಾರದು. ಇಳಕಲ್ಲಿನ ಸೀರೆ ನೇಯುವವರೂ ಜಮಖಂಡಿಯ ಕಬ್ಬು ಕಡಿಯುವವರೂ ಸಾಮಾನ್ಯವಾಗಿ ಇದರಡಿ ಬರುತ್ತಾರೆ.

ಕಾರ್ಖಾನೆಯಲ್ಲಿ ದುಡಿದು ಪಿಎಫ್ ಕಡಿತವಾಗಿದ್ದವರ ದಾರಿಯೇ ಬೇರೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿದ ಹೆಣ್ಣುಮಕ್ಕಳು, ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯಲ್ಲಿ ದುಡಿದವರು, ಮುಧೋಳದ ಸಕ್ಕರೆ ಕಾರ್ಖಾನೆಯ ನೌಕರರು ಮೊದಲು 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಮ್ಮ ಹಕ್ಕು ಏನಿದೆಯೆಂದು ನೋಡಬೇಕು. ಅದನ್ನು ಮುಚ್ಚಿಟ್ಟು ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಿದರೆ, ಎರಡೂ ಕಡೆ ಆಧಾರ್ ಒಂದೇ ಆಗಿರುವುದರಿಂದ ಇಂದಲ್ಲ ನಾಳೆ ಸಿಕ್ಕಿಬೀಳುತ್ತದೆ ಮತ್ತು ಕೊಟ್ಟ ಹಣವನ್ನು ಮರಳಿ ಕೇಳುವ ಪ್ರಸಂಗ ಬರುತ್ತದೆ.

## ಹಂತ 2: ಹೆಸರು ಮತ್ತು ವಯಸ್ಸನ್ನು ಒಂದಾಗಿಸಿ

ಅತಿ ಹೆಚ್ಚು ಅರ್ಜಿಗಳು ಮುಗ್ಗರಿಸುವ ಜಾಗ ಇದು. ಗಂಗವ್ವ ಎಂಬ ತಾಯಿ ಆಧಾರ್‌ನಲ್ಲಿ ಗಂಗವ್ವ, ಮತದಾರರ ಪಟ್ಟಿಯಲ್ಲಿ ಗಂಗಮ್ಮ, ಬ್ಯಾಂಕಿನಲ್ಲಿ ಗಂಗಾಬಾಯಿ. ಒಂದು ಕಡೆ ಹೆಸರಿನ ಮುಂದೆ ಗಂಡನ ಹೆಸರು, ಇನ್ನೊಂದು ಕಡೆ ತಂದೆಯ ಹೆಸರು, ಮತ್ತೊಂದು ಕಡೆ ಬರೀ ಅಡ್ಡಹೆಸರು. ಊರಿನವರಿಗೆ ಇವರೆಲ್ಲ ಒಬ್ಬರೇ ಎಂದು ಗೊತ್ತಿದ್ದರೂ ಗಣಕಯಂತ್ರಕ್ಕೆ ಮೂವರು. ಅಕ್ಷರ ಕನ್ನಡದಲ್ಲಿ ಸರಿಯಿದ್ದು ಇಂಗ್ಲಿಷಿನಲ್ಲಿ ಮಾತ್ರ ವ್ಯತ್ಯಾಸವಿರುವುದೂ ಉಂಟು. ‘ವ್ವ’ ಎಂಬುದನ್ನು ಒಂದು ಕಡೆ ‘ವಿ’ ಅಕ್ಷರದಿಂದಲೂ ಇನ್ನೊಂದು ಕಡೆ ‘ಡಬ್ಲ್ಯೂ’ ಅಕ್ಷರದಿಂದಲೂ ಬರೆದಿರುತ್ತಾರೆ.

ಮಾಡಬೇಕಾದ ಕೆಲಸ ಸರಳ. ಎಲ್ಲ ದಾಖಲೆಗಳನ್ನೂ ಚಾಪೆಯ ಮೇಲೆ ಒಂದರ ಪಕ್ಕ ಒಂದಿಟ್ಟು, ಹೆಸರು, ಗಂಡನ ಅಥವಾ ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಹೆಚ್ಚು ದಾಖಲೆಗಳಲ್ಲಿ ಯಾವ ರೂಪವಿದೆಯೋ ಅದನ್ನು ಉಳಿಸಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಬ್ಯಾಂಕಿನ ಹೆಸರನ್ನು ತಿದ್ದಿಸುವುದು ಆಧಾರ್ ತಿದ್ದಿಸುವುದಕ್ಕಿಂತ ಸುಲಭವೆಂಬುದು ನೆನಪಿರಲಿ.

ವಯಸ್ಸಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಆಧಾರ್ ಮಾಡಿಸುವಾಗ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಬಾಯಿಮಾತಿನ ವಯಸ್ಸು ಹೇಳಿದ್ದಾರೆ, ಇಲ್ಲವೆ ಅಲ್ಲಿ ಕುಳಿತಿದ್ದ ಹುಡುಗ ಮುಖ ನೋಡಿ ವರ್ಷ ಬರೆದಿದ್ದಾನೆ. ಹೀಗಾಗಿ ಹಿರಿಮಗನಿಗಿಂತ ತಾಯಿ ಹನ್ನೊಂದೇ ವರ್ಷ ದೊಡ್ಡವಳಾಗಿರುವ ರೇಶನ್ ಕಾರ್ಡನ್ನು ನಾನೇ ನೋಡಿದ್ದೇನೆ. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರು ತಿದ್ದಲು ಎರಡು. ಆದ್ದರಿಂದ ಶಾಲೆಯ ದಾಖಲೆಯಂಥ ಗಟ್ಟಿ ಪುರಾವೆ ಕೈಯಲ್ಲಿಲ್ಲದೆ, ಬರೀ ಪಗಾರ ಬೇಗ ಬರಲಿ ಎಂಬ ಆಸೆಗೆ ಆ ಒಂದು ಅವಕಾಶವನ್ನು ಕಳೆದುಕೊಳ್ಳಬೇಡಿ.

## ಹಂತ 3: ಹಣ ಯಾವ ಖಾತೆಗೆ ಹೋಗುತ್ತದೆಂದು ಅರ್ಜಿಗೆ ಮೊದಲೇ ನೋಡಿ

ಅರ್ಜಿಯಲ್ಲಿ ಬರೆದ ಖಾತೆಗೇ ಹಣ ಬರುತ್ತದೆ ಎಂಬುದು ತಪ್ಪು ತಿಳುವಳಿಕೆ. ನೇರ ನಗದು ವರ್ಗಾವಣೆಯಲ್ಲಿ ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಸಾಗುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಣೆಗೆ ಒಪ್ಪಿಗೆ ಕೊಟ್ಟಿದ್ದೀರೋ ಆ ಬ್ಯಾಂಕಿನ ಖಾತೆಯನ್ನು ಅದು ಸೇರುತ್ತದೆ. ಆಧಾರ್ ಸಂಖ್ಯೆಯನ್ನು ಬ್ಯಾಂಕಿಗೆ ಗುರುತಿನ ದಾಖಲೆಯಾಗಿ ಕೊಟ್ಟಿರುವುದು ಬೇರೆ, ಈ ಜೋಡಣೆ ಬೇರೆ. ಮೊದಲನೆಯದಾಗಿದ್ದರೆ ಎರಡನೆಯದೂ ಆಗಿದೆ ಎಂದುಕೊಂಡು ಜನ ಮೋಸಹೋಗುತ್ತಾರೆ.

ನನ್ನ ದೊಡ್ಡವ್ವನ ಪಗಾರ ಸುಮಾರು ಒಂದು ವರ್ಷ ‘ನಿಂತಿತ್ತು’. ನಾವು ತಹಶೀಲ್ದಾರ ಕಚೇರಿಗೆ ನಾಲ್ಕು ಸಲ ಹೋಗಿ ಬಂದೆವು. ಕೊನೆಗೆ ನೋಡಿದರೆ, ಗೃಹಲಕ್ಷ್ಮಿ ಹಣಕ್ಕೆಂದು ಸೊಸೆ ಅವಳ ಹೆಸರಿನಲ್ಲಿ ತೆರೆಸಿದ್ದ ಹೊಸ ಖಾತೆಯಲ್ಲಿ ಅಷ್ಟೂ ಹಣ ಸುಮ್ಮನೆ ಕುಳಿತಿತ್ತು. ಯಾರದೂ ತಪ್ಪಲ್ಲ, ಯಾರೂ ನೋಡಿರಲಿಲ್ಲ ಅಷ್ಟೇ.

ನೋಡುವ ಬಗೆ ಹೀಗೆ: ‘ಮೈ ಆಧಾರ್’ ಜಾಲತಾಣದಲ್ಲಿ ಒಟಿಪಿ ಮೂಲಕ ಒಳಗೆ ಹೋದರೆ ಬ್ಯಾಂಕ್ ಜೋಡಣೆಯ ಸ್ಥಿತಿ ಎಂಬ ವಿಭಾಗದಲ್ಲಿ ಬ್ಯಾಂಕಿನ ಹೆಸರೂ ಅದು ಚಾಲ್ತಿಯಲ್ಲಿದೆಯೇ ಎಂಬುದೂ ಕಾಣುತ್ತದೆ. ಗ್ರಾಮ ಒನ್ ಕೇಂದ್ರದಲ್ಲಿಯೂ ನೋಡಿಸಿಕೊಳ್ಳಬಹುದು. ಬೇಡದ ಬ್ಯಾಂಕ್ ಕಂಡರೆ, ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಒಪ್ಪಿಗೆ ನಮೂನೆಯನ್ನು ಬರೆದುಕೊಡಿ.

ಹಳೆಯ ಪಾಸ್‌ಬುಕ್ಕಿನ ಬಗ್ಗೆ ಒಂದು ಮಾತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಹಳೆಯ ಹೆಸರಿನ ಪಾಸ್‌ಬುಕ್ಕಿನ ಝೆರಾಕ್ಸ್ ಲಗತ್ತಿಸಬೇಡಿ. ಹೊಸದನ್ನು ಪಡೆದು, ಅದರಲ್ಲಿ ಮುದ್ರಿತವಾದ ಐಎಫ್‌ಎಸ್‌ಸಿ ಸಂಕೇತವನ್ನೇ ಬರೆಯಿರಿ.

## ಹಂತ 4: ನಾಡಕಚೇರಿಯಲ್ಲಿ ಅರ್ಜಿ

ಮೊದಲು ಆದಾಯ ಪ್ರಮಾಣಪತ್ರ, ಆಮೇಲೆ ಪಿಂಚಣಿಯ ಅರ್ಜಿ. ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ಪಿಂಚಣಿಯ ಅರ್ಜಿಗೆ ಅದೇ ಬೇಕು. ಮಗನ ಹೆಸರಿಗೆ ಪಡೆದ ಪ್ರಮಾಣಪತ್ರ ತಂದೆಯ ಅರ್ಜಿಗೆ ನಡೆಯುವುದಿಲ್ಲ. ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ, ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಸಲ್ಲಿಸಬಹುದು.

ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅದರ ಮೇಲೆ ಸಕಾಲದ (ನಿಗದಿತ ಅವಧಿಯಲ್ಲಿ ಸೇವೆ ಕೊಡುವ ಸರ್ಕಾರಿ ವ್ಯವಸ್ಥೆಯ) ಸಂಖ್ಯೆ ಇರಬೇಕು. ‘ಅರ್ಜಿ ತಗೊಂಡೇವಿ, ಹೋಗ್ರಿ’ ಎಂಬ ಬಾಯಿಮಾತನ್ನು ನಂಬಿ ಮನೆಗೆ ಬಂದವರ ಅರ್ಜಿಗೆ ಮುಂದೆ ಯಾವ ಕುರುಹೂ ಇರುವುದಿಲ್ಲ.

ಬಳಿಕ ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಮ್ಮವರು ಈಗಲೂ ತಲಾಟಿ ಎಂದೇ ಕರೆಯುವವರು, ಸ್ಥಳ ಪರಿಶೀಲನೆ ಮಾಡುತ್ತಾರೆ. ವರದಿ ಕಂದಾಯ ನಿರೀಕ್ಷಕರ ಮೂಲಕ ಮೇಲಕ್ಕೆ ಹೋಗಿ ಮಂಜೂರಾತಿ ಆದೇಶವಾಗುತ್ತದೆ. ಇಂಡಿ, ಸಿಂದಗಿ ಕಡೆಯ ಮನೆಗಳಲ್ಲಿ ಮಕ್ಕಳು ದುಡಿಯಲು ಗೋವೆಗೋ ಮಹಾರಾಷ್ಟ್ರಕ್ಕೋ ಹೋಗುವಾಗ ವಯಸ್ಸಾದವರನ್ನೂ ಕರೆದೊಯ್ಯುತ್ತಾರೆ. ಪರಿಶೀಲನೆಯ ಸಮಯದಲ್ಲಿ ಮನೆಗೆ ಬೀಗವಿದ್ದರೆ ‘ವಾಸವಿಲ್ಲ’ ಎಂಬ ಷರಾ ಬೀಳುತ್ತದೆ. ಹೋಗುವುದೇ ಆದರೆ ತಲಾಟಿಯವರಿಗೆ ತಿಳಿಸಿ, ಫೋನ್ ಸಂಖ್ಯೆ ಕೊಟ್ಟು ಹೋಗಿ. ಮಂಜೂರಾದ ಮೇಲೂ ಇಂಥ ಪರಿಶೀಲನೆ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಕಾರಣ ತಿಳಿಯದೆ ಅದೇ ಅರ್ಜಿಯನ್ನು ಮತ್ತೆ ಹಾಕಿದರೆ ಮತ್ತೆ ಅದೇ ಉತ್ತರ. ಕಂದಾಯ ಇಲಾಖೆಯ ಸಹಾಯವಾಣಿ 155245. ತಾಲ್ಲೂಕಿನಲ್ಲಿ ಪಿಂಚಣಿ ಅದಾಲತ್ ನಡೆಯುವಾಗ ಕಡತ ಮತ್ತು ಅಧಿಕಾರಿ ಒಂದೇ ಕಡೆ ಸಿಗುವುದರಿಂದ ಅಲ್ಲಿಗೆ ಹೋಗುವುದು ಹೆಚ್ಚು ಪ್ರಯೋಜನಕಾರಿ.

## ಹಂತ 5: ಪಿಎಫ್ ಕಡಿತವಾಗಿದ್ದವರು ಮಾಡಬೇಕಾದದ್ದು

ನೌಕರರ ಪಿಂಚಣಿ ಯೋಜನೆಗೆ ಮಾಲೀಕರ ಪಾಲಿನಿಂದ ವೇತನದ ಶೇ 8.33 ಜಮೆಯಾಗುತ್ತದೆ, 2014ರ ಸೆಪ್ಟೆಂಬರ್ 1ರಿಂದ ಈ ಲೆಕ್ಕಕ್ಕೆ ವೇತನದ ಮಿತಿ 15,000 ರೂಪಾಯಿ, ಅದಕ್ಕೂ ಮೊದಲು 6,500. ಕನಿಷ್ಠ 10 ವರ್ಷದ ಸೇವೆ ಇದ್ದರೆ 58ನೇ ವರ್ಷದಿಂದ ಪಿಂಚಣಿ ಸಿಗುತ್ತದೆ. 50 ದಾಟಿದ ಮೇಲೆ ಬೇಗ ಪಡೆಯಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತವಾಗುತ್ತದೆ, ಮತ್ತು ಆ ಕಡಿತ ಬದುಕಿರುವವರೆಗೂ ಉಳಿಯುತ್ತದೆ.

ಲೆಕ್ಕ ಹೀಗೆ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 1998ರಿಂದ 2022ರವರೆಗೆ 24 ವರ್ಷ ದುಡಿದು 58ಕ್ಕೆ ನಿವೃತ್ತರಾದ ಒಬ್ಬ ಮಹಿಳೆಯ ಸರಾಸರಿ ವೇತನ 6,300 ರೂಪಾಯಿ ಎಂದಿಟ್ಟುಕೊಳ್ಳಿ. 20 ವರ್ಷ ದಾಟಿದವರಿಗೆ 2 ವರ್ಷ ಸೇರಿಸುವುದರಿಂದ ಸೇವೆ 26 ವರ್ಷವಾಗುತ್ತದೆ. 6,300ನ್ನು 26ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 2,340 ರೂಪಾಯಿ. ಲೆಕ್ಕ ಎಷ್ಟೇ ಕಡಿಮೆ ಬಂದರೂ ಕನಿಷ್ಠ ಪಿಂಚಣಿ 1,000 ರೂಪಾಯಿ.

ಇಲ್ಲಿನ ದೊಡ್ಡ ತಪ್ಪು ಎಂದರೆ ಕೆಲಸ ಬಿಟ್ಟ ಕೂಡಲೇ ನಮೂನೆ 10ಸಿ ತುಂಬಿ ಪಿಂಚಣಿಯ ಹಣವನ್ನೂ ಹಿಂತೆಗೆದುಕೊಳ್ಳುವುದು. ಮಗಳ ಮದುವೆಗೆಂದು ಎಂಟು ವರ್ಷದ ಸೇವೆಯ ಹಣ ತೆಗೆದವರು, ಮುಂದೆ ಇನ್ನೊಂದು ಕಾರ್ಖಾನೆಯಲ್ಲಿ ಏಳು ವರ್ಷ ದುಡಿದರೂ ಹತ್ತು ತುಂಬದೆ ಪಿಂಚಣಿಯಿಂದ ಹೊರಗುಳಿಯುತ್ತಾರೆ. ಅದರ ಬದಲು ಅದೇ ನಮೂನೆಯಲ್ಲಿ, ಸೇವೆಯ ವರ್ಷಗಳನ್ನು ಉಳಿಸಿಡುವ ‘ಯೋಜನಾ ಪ್ರಮಾಣಪತ್ರ’ ಕೇಳಿದರೆ ಎಂಟೂ ಏಳೂ ಕೂಡಿ ಹದಿನೈದಾಗುತ್ತಿತ್ತು.

ಪಿಂಚಣಿಗೆ ಅರ್ಜಿ ನಮೂನೆ 10ಡಿ. ಇದರಲ್ಲಿ ಗಂಡ ಹೆಂಡತಿಯ ಜಂಟಿ ಭಾವಚಿತ್ರವೂ ಸಂಗಾತಿಯ ಹೆಸರೂ ಇರುತ್ತವೆ. ಸಂಗಾತಿಯ ಹೆಸರನ್ನು ಅವರ ಆಧಾರ್‌ನಲ್ಲಿ ಇರುವಂತೆಯೇ ಬರೆಯಿಸಿ. ಇಂದಿನ ಒಂದು ಅಕ್ಷರದ ತಪ್ಪಿಗೆ ಮುಂದೆ ವಿಧವೆಯಾದವಳು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ತೊಡಕುಗಳಿದ್ದರೆ ಭವಿಷ್ಯನಿಧಿ ಸಂಸ್ಥೆಯವರು ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಸುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಯುಎಎನ್ (ಪಿಎಫ್ ಸದಸ್ಯರ ಗುರುತಿನ) ಸಂಖ್ಯೆ ಮತ್ತು ಹಳೆಯ ವೇತನ ಚೀಟಿಗಳೊಂದಿಗೆ ಹೋಗಿ.

## ಹಂತ 6: ಪ್ರತಿ ವರ್ಷ ಜೀವಿತ ಪ್ರಮಾಣಪತ್ರ

ಪಿಎಫ್ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಡಿಜಿಟಲ್ ಜೀವಿತ ಪ್ರಮಾಣಪತ್ರ ಸಲ್ಲಿಸಬಹುದು; ಸಲ್ಲಿಸಿದ ದಿನದಿಂದ ಒಂದು ವರ್ಷ ಅದು ಊರ್ಜಿತ. ನವೆಂಬರಿನ ಗಡುವು ಕೇಂದ್ರ ಸರ್ಕಾರದ ಪಿಂಚಣಿದಾರರದ್ದು. ಇದನ್ನು ತಿಳಿಯದೆ, ಹಿಂದಿನ ಸಲ ಜುಲೈನಲ್ಲಿ ಕೊಟ್ಟವರು ನವೆಂಬರಿನವರೆಗೆ ಕಾದು ಆಗಸ್ಟಿನಿಂದ ಹಣ ನಿಂತಿತೆಂದು ಗಾಬರಿಯಾಗುತ್ತಾರೆ.

ಬೀಡಿ ಎಲೆ ಕತ್ತರಿಸಿದ, ಮಗ್ಗದ ಎಳೆ ಹಿಡಿದ, ಕಬ್ಬಿನ ಸೋಗೆ ಸುಲಿದ ಕೈಗಳಲ್ಲಿ ಬೆರಳಚ್ಚು ಸವೆದಿರುತ್ತದೆ. ಹತ್ತು ಬೆರಳನ್ನೂ ಒತ್ತಿ ಒತ್ತಿ ಯಂತ್ರ ಒಪ್ಪದಿದ್ದಾಗ ಮನೆಗೆ ಮರಳಬೇಡಿ. ಕಣ್ಣಿನ ಪಾಪೆಯ ಯಂತ್ರವಿದೆಯೇ ಎಂದು ಕೇಳಿ; ಅಥವಾ ಮನೆಯವರ ಮೊಬೈಲಿನಲ್ಲಿ ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಆ್ಯಪ್‌ಗಳನ್ನು ಹಾಕಿಕೊಂಡು ಮುಖ ತೋರಿಸಿ ಮಾಡಬಹುದು. ಹಗಲಿನ ಬೆಳಕಿನಲ್ಲಿ ಕುಳಿತು, ಕನ್ನಡಕ ತೆಗೆದು, ರುಮಾಲು ಅಥವಾ ಸೆರಗನ್ನು ಹಣೆಯಿಂದ ಸರಿಸಿದರೆ ಸುಲಭವಾಗಿ ಆಗುತ್ತದೆ. ನಡೆಯಲಾಗದವರ ಮನೆಗೆ ಪೋಸ್ಟ್‌ಮನ್ ಬಂದು 70 ರೂಪಾಯಿ ಶುಲ್ಕಕ್ಕೆ ಮಾಡಿಕೊಡುವ ವ್ಯವಸ್ಥೆಯೂ ಇದೆ.

ತುಂಬುವಾಗ ಪಿಂಚಣಿ ಮಂಜೂರು ಮಾಡಿದ ಸಂಸ್ಥೆಯ ಜಾಗದಲ್ಲಿ ಇಪಿಎಫ್‌ಒ (ಭವಿಷ್ಯನಿಧಿ ಸಂಸ್ಥೆ) ಎಂದೇ ಆರಿಸಬೇಕು, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದಲ್ಲ, ಪಿಪಿಒ ಪತ್ರದಿಂದಲೇ ನೋಡಿ ಬರೆಯಬೇಕು. ಪ್ರಮಾಣಪತ್ರದ ಗುರುತು ಸಂಖ್ಯೆಯಾದ ‘ಪ್ರಮಾಣ್ ಐಡಿ’ ಬಂದಿತೆಂದರೆ ಕೆಲಸ ಮುಗಿಯಿತು ಎಂದಲ್ಲ. ಪಿಪಿಒ ಸಂಖ್ಯೆ ತಪ್ಪಿದ್ದರೆ ಅದು ಆಮೇಲೆ ತಿರಸ್ಕೃತವಾಗಬಹುದು. ಕೆಲವು ದಿನ ಬಿಟ್ಟು ಸ್ಥಿತಿಯನ್ನು ಮತ್ತೆ ನೋಡಿ. 2025ರ ಜನವರಿ 1ರಿಂದ ಕೇಂದ್ರೀಕೃತ ಪಾವತಿ ವ್ಯವಸ್ಥೆ ಇರುವುದರಿಂದ ಊರು ಬದಲಾದರೆ ಪಿಪಿಒ ವರ್ಗಾಯಿಸುವ ಅಗತ್ಯವಿಲ್ಲ.

## ಹಂತ 7: ಆರೋಗ್ಯ ಕಾರ್ಡ್, ಕಾಯಿಲೆಗೆ ಮೊದಲು

ಆಯುಷ್ಮಾನ್ ಭಾರತ ಮತ್ತು ಆರೋಗ್ಯ ಕರ್ನಾಟಕ ಸೇರಿದ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30ರಷ್ಟನ್ನು, ವರ್ಷಕ್ಕೆ ಗರಿಷ್ಠ 1.5 ಲಕ್ಷದವರೆಗೆ ಸರ್ಕಾರ ಭರಿಸುತ್ತದೆ. ಈ ಮೊತ್ತ ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ಎಲ್ಲವೂ ರೇಶನ್ ಕಾರ್ಡಿನ ಮೇಲೆ ನಿಂತಿರುವುದರಿಂದ ಅದರಲ್ಲಿ ಅಜ್ಜ ಅಜ್ಜಿಯರ ಹೆಸರು ಇನ್ನೂ ಇದೆಯೇ, ಅವರ ಇ-ಕೆವೈಸಿ ಆಗಿದೆಯೇ ಎಂದು ಮೊದಲು ನೋಡಿ. ಮಕ್ಕಳು ಬೇರೆಯಾದಾಗ ಹಿರಿಯರ ಹೆಸರು ಯಾವ ಕಾರ್ಡಿನಲ್ಲೂ ಇಲ್ಲದೆ ನಡುವೆ ಬಿದ್ದುಹೋಗುತ್ತದೆ.

70 ದಾಟಿದವರಿಗೆ ಆದಾಯದ ಮಿತಿಯಿಲ್ಲದ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಿತು. ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ 5 ಲಕ್ಷವನ್ನು ಹಂಚಿಕೊಳ್ಳಬೇಕು. ವಯಸ್ಸಿಗೆ ಆಧಾರ್ ಒಂದೇ ಪುರಾವೆ. ಎರಡನೇ ಹಂತವನ್ನು ಹಾರಿಸಿದವರು ಇಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತಾರೆ. ಕಾರ್ಡ್ ಕೈಯಲ್ಲಿದ್ದ ಮಾತ್ರಕ್ಕೆ ಚಿಕಿತ್ಸೆ ಖಚಿತವಲ್ಲ. ನೀವು ಹೋಗಬಹುದಾದ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರಲ್ಲಿ, ಈ ಕಾರ್ಡನ್ನು ಅಲ್ಲಿ ಪರಿಗಣಿಸುತ್ತಾರೆಯೇ ಎಂದು ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ.

14 ಅಂಕಿಯ ‘ಆಭಾ’ ಸಂಖ್ಯೆಯನ್ನು ವಿಮೆಯೆಂದು ತಿಳಿಯಬೇಡಿ. ಅದು ಆರೋಗ್ಯ ದಾಖಲೆಗಳ ಸಂಖ್ಯೆ ಮಾತ್ರ. ಅದರಿಂದಲೇ ಬಿಲ್ಲು ತುಂಬುವುದಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿ ಕನಿಷ್ಠ 5 ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಕಾರ್ಖಾನೆಗಳಲ್ಲಿ ಇದನ್ನು ಹೇಳಿ ಕಳಿಸುವವರು ಕಡಿಮೆ.

## ಹಂತ 8: ಆಸ್ಪತ್ರೆಯ ಬಾಗಿಲಲ್ಲಿ

ಮೊದಲು ಸರ್ಕಾರಿ ಆಸ್ಪತ್ರೆ, ಆಮೇಲೆ ಖಾಸಗಿ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲಿಯೇ ಆಗಬೇಕು. ಅಲ್ಲಿ ಸಾಧ್ಯವಿಲ್ಲದ ದೊಡ್ಡ ಚಿಕಿತ್ಸೆಗೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ ಅಥವಾ ಬೆಳಗಾವಿಯ ಬಿಮ್ಸ್‌ನಂಥ ಕಡೆಯಿಂದ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವ ಸಂದರ್ಭಗಳಿಗೆ ಮಾತ್ರ ಶಿಫಾರಸು ಬೇಡ.

ಖಾಸಗಿ ಆಸ್ಪತ್ರೆ ಸೇರಿದ ಕೂಡಲೇ ಆರೋಗ್ಯಮಿತ್ರರನ್ನು ಕಾಣಿ. ಮುಂಗಡ ಕಟ್ಟಿ ‘ಆಮೇಲೆ ಕಾರ್ಡ್ ತರ್ತೀವಿ’ ಎಂದವರ ಹಣ ಮರಳುವುದು ಕಷ್ಟ, ಏಕೆಂದರೆ ಈ ಯೋಜನೆ ಆಸ್ಪತ್ರೆಗೆ ಹಣ ಕೊಡುತ್ತದೆಯೇ ಹೊರತು ರೋಗಿಯ ಬಿಲ್ಲನ್ನು ಮರುಪಾವತಿಸುವುದಿಲ್ಲ. ಪೂರ್ವಾನುಮತಿ ಬಂದಿದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲು ಕೇಳಿ. ಹೊರರೋಗಿಯಾಗಿ ತೋರಿಸಿ ಮಾತ್ರೆ ಬರೆಸಿಕೊಂಡು ಬರುವ ಖರ್ಚು ಇದರಲ್ಲಿ ಬರುವುದಿಲ್ಲ.

ಅಥಣಿ, ರಾಯಬಾಗ, ಚಿಕ್ಕೋಡಿಯವರಿಗೆ ಮಿರಜ ಹತ್ತಿರ, ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ತಲೆಮಾರುಗಳಿಂದ ಅಲ್ಲಿಗೇ ಹೋಗುವ ರೂಢಿ. ಆದರೆ ಅವು ಬೇರೆ ರಾಜ್ಯದ ಆಸ್ಪತ್ರೆಗಳು. ಕರ್ನಾಟಕದ ಕಾರ್ಡಿಗೆ ಚಿಕಿತ್ಸೆ ಕೊಡುತ್ತಾರೆಯೇ ಎಂದು ಆ ಆಸ್ಪತ್ರೆಗೂ 14555 ಸಹಾಯವಾಣಿಗೂ ಫೋನ್ ಮಾಡಿ ಕೇಳದೆ ರೋಗಿಯನ್ನು ಗಾಡಿ ಹತ್ತಿಸಬೇಡಿ. ನಮ್ಮ ರಾಜ್ಯದ ಆಸ್ಪತ್ರೆಗಳ ಮಾಹಿತಿಗೆ 104ಕ್ಕೆ ಕರೆ ಮಾಡಬಹುದು.

## ಈ ಲಕ್ಷಣಗಳು ಕಂಡರೆ ಅಲ್ಲಿಂದ ಎದ್ದುಬನ್ನಿ

ಮಂಜೂರಾತಿಗೆ ‘ಮೇಲಿನವರ ಖರ್ಚು’ ಕೇಳುವವರು, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡನ್ನು ತಮ್ಮಲ್ಲೇ ಇಟ್ಟುಕೊಳ್ಳುವೆವೆನ್ನುವವರು, ಜೀವಿತ ಪ್ರಮಾಣಪತ್ರ ಮಾಡಿಕೊಡುತ್ತೇವೆಂದು ಫೋನಿನಲ್ಲಿ ಒಟಿಪಿ ಕೇಳುವವರು. ಭವಿಷ್ಯನಿಧಿ ಸಂಸ್ಥೆಯಾಗಲಿ ಬ್ಯಾಂಕಾಗಲಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಬೆರಳಚ್ಚು ಯಂತ್ರದಲ್ಲಿ ಹಣ ಕೊಡುವವರು ‘ಬರಲಿಲ್ಲ, ಇನ್ನೊಮ್ಮೆ ಒತ್ತಿರಿ’ ಎಂದು ಎರಡು ಸಲ ಒತ್ತಿಸಿದರೆ, ಎರಡಕ್ಕೂ ಚೀಟಿ ಕೇಳಿ ಮತ್ತು ಅದೇ ದಿನ ಪಾಸ್‌ಬುಕ್ ನಮೂದು ಮಾಡಿಸಿ.

## ಹಂತ 9: ಪಿಂಚಣಿದಾರರು ತೀರಿಕೊಂಡಾಗ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಪ್ರಮಾಣಪತ್ರದಲ್ಲಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಪಿಎಫ್ ಪಿಂಚಣಿಯಾಗಿದ್ದರೆ ಮರಣ ಪ್ರಮಾಣಪತ್ರ, ಪಿಪಿಒ, ಸಂಗಾತಿಯ ಆಧಾರ್ ಮತ್ತು ಸಂಗಾತಿಯದೇ ಹೆಸರಿನ ಪಾಸ್‌ಬುಕ್ಕಿನೊಂದಿಗೆ ವಿಧವಾ ಅಥವಾ ವಿಧುರ ಪಿಂಚಣಿಗೆ ಅರ್ಜಿ ಹಾಕಬೇಕು. ಅದು ಮೂಲ ಪಿಂಚಣಿಯ ಅರ್ಧ, ಕನಿಷ್ಠ 1,000 ರೂಪಾಯಿ. ಸಂಧ್ಯಾ ಸುರಕ್ಷಾ ಸಂಗಾತಿಗೆ ತಾನಾಗಿ ವರ್ಗವಾಗುವುದಿಲ್ಲ, ಅವರು ತಮ್ಮ ಹೆಸರಿನಲ್ಲಿ ಹೊಸ ಅರ್ಜಿ ಸಲ್ಲಿಸಬೇಕು.

ದಿನಕರ್ಮದ ಖರ್ಚಿಗೆಂದು ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಮುಂದಿನ ತಿಂಗಳುಗಳ ಪಗಾರ ತೆಗೆಯುವ ಮನೆಗಳಿವೆ. ಆ ಹಣವನ್ನು ಇಲಾಖೆ ವಸೂಲಿ ಮಾಡುತ್ತದೆ, ಮತ್ತು ಸಂಗಾತಿಯ ಅರ್ಜಿ ಆ ಲೆಕ್ಕ ಮುಗಿಯುವವರೆಗೆ ತಡೆಯಾಗಬಹುದು. ಬ್ಯಾಂಕಿಗೂ ತಲಾಟಿಯವರಿಗೂ ಅದೇ ವಾರ ತಿಳಿಸಿ, ತಿಳಿಸಿದ ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ಪಿಪಿಒ ಜೊತೆಗೇ ಇಟ್ಟುಕೊಳ್ಳಿ.